ಹಿತ್ತಲಲ್ಲಿ ಜಲ್ಲಿ ಹಾಸಿ ಕೂರುವ ಜಾಗ: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು

ಅಕ್ಕಾ, ಇಲ್ಲಿ ನೀವು ಹಾಕಿದ ಪ್ರಶ್ನೆ, ಫೋಟೋ, ಅದಕ್ಕೆ ಉಳಿದವರು ಬರೆದ ಉತ್ತರ ಎಲ್ಲ ನೋಡಿದೆ. ಚಿಕ್ಕಬಳ್ಳಾಪುರದ ಮನೆ, ಹಿತ್ತಲಲ್ಲಿ ಸಪೋಟ ಮರದ ಪಕ್ಕ 12 ಅಡಿಗೆ 10 ಅಡಿ ಜಾಗ, ಮಳೆ ಬಿದ್ದರೆ ಕೆಸರು. ಸಂಜೆ ಹೊತ್ತು ನಾಲ್ಕು ಕುರ್ಚಿ ಹಾಕಿಕೊಂಡು ಕೂರುವ ಹಾಗಿರಬೇಕು. ಮೇಸ್ತ್ರಿ ಹೇಳಿದ ಕಾಂಕ್ರೀಟ್ ಲೆಕ್ಕ ಕೈಗೆಟುಕುತ್ತಿಲ್ಲ, ಮಗನ ಜೊತೆ ಸೇರಿ ನೀವೇ ಜಲ್ಲಿ ಹಾಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಹಾಸಬಹುದು. ಕಾಂಕ್ರೀಟ್‌ಗಿಂತ ಖರ್ಚು ಕಡಿಮೆ, ಮಳೆ ನೀರೂ ನೆಲಕ್ಕೇ ಇಳಿಯುತ್ತದೆ. ನಮ್ಮ ಕಡೆ ಬೀಳುವ ಮಳೆಗೆ ಅದೂ ಸಣ್ಣ ಲಾಭವೇನಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಮೇಲೆ ಕಾಣುವ ಕಲ್ಲಿನ ಬಣ್ಣ, ಹೊಳಪು ನೋಡಿ ದುಡ್ಡು ಸುರಿಯುತ್ತಾರೆ. ಕೆಲಸ ನಿಲ್ಲುವುದು ಕೆಳಗಿನ ಪದರ ಮತ್ತು ಸುತ್ತಲಿನ ಅಂಚಿನ ಮೇಲೆ. ಇವೆರಡು ಸರಿ ಇದ್ದರೆ ಅತಿ ಅಗ್ಗದ ಬೂದು ಜಲ್ಲಿಯೂ ವರ್ಷಗಟ್ಟಲೆ ನಿಲ್ಲುತ್ತದೆ. ಇವು ಕೆಟ್ಟರೆ ಎಂಥ ಕಲ್ಲು ತಂದು ಹಾಕಿದರೂ ಎರಡು ಮಳೆಗಾಲದಲ್ಲಿ ಅರ್ಧ ಮಣ್ಣಿಗೆ, ಅರ್ಧ ಹೂವಿನ ಪಾತಿಗೆ.

ಲೆಕ್ಕ ನೋಡಿ. ನಿಮ್ಮದು 120 ಚದರ ಅಡಿ. ಕೆಳಗೆ 4 ಇಂಚು ಗಟ್ಟಿ ಪದರ, ಅಂದರೆ ಕಲ್ಲಿನ ಚೂರು, ಪುಡಿ ಹಾಕಿ ಬಡಿದದ್ದು. ಮೇಲೆ 2 ಇಂಚು ಜಲ್ಲಿ. ಮೇಲಿನದಕ್ಕೆ 20 ಘನ ಅಡಿ ಬೇಕು. ಕೆಳಗಿನದಕ್ಕೆ 40, ಆದರೆ ಬಡಿದಾಗ ಕೂರುತ್ತದೆ, ಹಾಗಾಗಿ 50 ಹೇಳಿ. ಒಟ್ಟು 70 ಘನ ಅಡಿ, ಕಲ್ಲು ಒಡೆದು ಜಲ್ಲಿ ಮಾಡುವ ಕ್ರಷರ್‌ನವರು ಇದನ್ನೇ ಸಿಎಫ್‌ಟಿ ಅನ್ನುತ್ತಾರೆ. ತೂಕದಲ್ಲಿ ಹೆಚ್ಚುಕಡಿಮೆ ಮೂರು ಟನ್. ಟ್ರ್ಯಾಕ್ಟರ್ ಬಂದಾಗ 'ಒಂದು ಲೋಡು' ಅನ್ನುವ ಮಾತಿಗೆ ದುಡ್ಡು ಕೊಡಬೇಡಿ. ಟ್ರಾಲಿಯ ಒಳಗಡೆ ಟೇಪು ಹಿಡಿಯಿರಿ. ಒಳ ಅಳತೆ 10 ಅಡಿ ಉದ್ದ, 6 ಅಡಿ ಅಗಲ ಇದ್ದು, ಜಲ್ಲಿ ಒಂದೂವರೆ ಅಡಿ ಎತ್ತರಕ್ಕೆ ಸಮವಾಗಿ ತುಂಬಿದ್ದರೆ 90 ಘನ ಅಡಿ. ನಡುವೆ ಗುಡ್ಡೆ ಮಾಡಿ ಮೂಲೆ ಖಾಲಿ ಬಿಟ್ಟಿದ್ದರೆ ಅಷ್ಟಿಲ್ಲ.

ನಮ್ಮ ಭಾಗದಲ್ಲಿ ಕ್ರಷರ್‌ಗಳಿಗೆ ಬರ ಇಲ್ಲ, ಹಾಗಾಗಿ ಕಲ್ಲಿಗಿಂತ ಬಾಡಿಗೆಯೇ ಜಾಸ್ತಿ ಅನ್ನಿಸುವುದುಂಟು. ಎರಡು ಥರದ ಸಾಮಾನಿಗೆ ಎರಡು ಸಲ ಟ್ರ್ಯಾಕ್ಟರ್ ಕರೆಸಬೇಡಿ. ಟ್ರಾಲಿ ನಡುವೆ ಹಲಗೆ ಅಡ್ಡ ಇಟ್ಟು ತುಂಬಿಕೊಡುತ್ತಾರಾ ಕೇಳಿ. ಇಲ್ಲವೆಂದರೆ ಅಕ್ಕಪಕ್ಕದಲ್ಲಿ ಮನೆ ಕಟ್ಟುವವರ ಜೊತೆ ಲೋಡು ಹಂಚಿಕೊಳ್ಳಿ. ಕೆಳಗಿನ ಪದರಕ್ಕೆ ಇನ್ನೂ ಅಗ್ಗದ ದಾರಿ ಇದೆ: ಹಳೇ ಮನೆ ಕೆಡವಿದ ಕಾಂಕ್ರೀಟ್ ಚೂರು, ಒಡೆದ ಇಟ್ಟಿಗೆ. ಮಾಲೂರು ಕಡೆಯ ಇಟ್ಟಿಗೆ ಗೂಡುಗಳಿಂದ ತರುವವರಿದ್ದರೆ ಚೆನ್ನಾಗಿ ಬೆಂದ, ತಟ್ಟಿದರೆ ಟಣ್ ಅನ್ನುವ ಚೂರನ್ನೇ ಆರಿಸಿ. ಅರೆಬೆಂದ ಇಟ್ಟಿಗೆ ನೀರು ಕುಡಿದು ಮಣ್ಣಾಗುತ್ತದೆ. ಮೇಲೆ ಕ್ರಷರ್ ಪುಡಿ ಸುರಿದು ಸಂದು ತುಂಬಿಸಬೇಕು. ಇದ್ಯಾವುದೂ ಸಿಗದಿದ್ದರೆ ಕ್ರಷರ್‌ನಲ್ಲೇ ರಸ್ತೆಗೆ ಹಾಕುವ ವೆಟ್ ಮಿಕ್ಸ್ ಕೇಳಿ. ದಪ್ಪ ಜಲ್ಲಿ, ಸಣ್ಣ ಜಲ್ಲಿ, ಪುಡಿ ಎಲ್ಲ ಬೆರೆಸಿಯೇ ಕೊಡುತ್ತಾರೆ.

ಅಂಚಿಗೆ ಇಟ್ಟಿಗೆ ನಿಲ್ಲಿಸಿದರೆ ಸಾಕು ಅಂತ ಒಬ್ಬರು ಹೇಳಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಕಾಲು ತಾಗಿ ತಾಗಿ ಅದು ಹೊರಗೆ ವಾಲುತ್ತದೆ, ಹಿಂದೆಯೇ ಜಲ್ಲಿಯೂ ಹೊರಟಿತು. ನೀವಿರುವುದು ದ್ರಾಕ್ಷಿ ಸೀಮೆಯಲ್ಲಿ! ಚಪ್ಪರ ಕಿತ್ತ ತೋಟಗಳಲ್ಲಿ ಮುರಿದ ಕಲ್ಲುಕಂಬ ಬಿದ್ದಿರುತ್ತವೆ, ವಿಚಾರಿಸಿ. ಮೂರು ನಾಲ್ಕು ಅಡಿಯ ತುಂಡನ್ನು ಅಡ್ಡ ಮಲಗಿಸಿದರೆ ಅದಕ್ಕಿಂತ ಗಟ್ಟಿ ಅಂಚು ಇನ್ನೊಂದಿಲ್ಲ. ಸಿಗದಿದ್ದರೆ ಸೈಜುಗಲ್ಲು ಅಥವಾ 4 ಇಂಚಿನ ಸಾಲಿಡ್ ಬ್ಲಾಕ್. ಯಾವುದೇ ಆಗಲಿ, ಅರ್ಧಕ್ಕಿಂತ ಜಾಸ್ತಿ ಮಣ್ಣೊಳಗೆ ಇರಬೇಕು. ಹೊರಗಡೆಯಿಂದ ಮಣ್ಣು ಒತ್ತಿ ಬಡಿಯಬೇಕು.

ಈಗ ಅಗೆಯುವ ವಿಷಯ. ದೀಪಾವಳಿ ಮುಗಿದ ಮೇಲೆ ಶುರು ಮಾಡಿ. ಸೆಪ್ಟೆಂಬರ್, ಅಕ್ಟೋಬರ್ ಮಳೆಯ ತೇವ ಇನ್ನೂ ಇರುತ್ತದೆ, ಗುದ್ದಲಿ ಇಳಿಯುತ್ತದೆ. ಮಾರ್ಚಿಯಲ್ಲಿ ನಮ್ಮ ಕೆಂಪು ಮಣ್ಣಿಗೆ ಹಾರೆ ಹಾಕಿದರೆ ಕಿಡಿ ಬರುವುದೊಂದು ಬಾಕಿ. ನಾಲ್ಕು ಮೂಲೆಗೆ ಗೂಟ ಹೊಡೆದು ದಾರ ಕಟ್ಟಿ, ದಾರದ ಗುಂಟ ರಂಗೋಲಿ ಪುಡಿ ಬಿಡಿ. 6 ಇಂಚು ಅಗೆಯಿರಿ. ಮೇಲಿನ ಕಪ್ಪು ಮಣ್ಣನ್ನು ಬೇರೆ ಇಟ್ಟುಕೊಳ್ಳಿ, ಕುಂಡಕ್ಕೆ, ಪಾತಿಗೆ ಆಗುತ್ತದೆ.

ಅಗೆಯುವಾಗಲೇ ಕೊನ್ನಾರಿ ಕಳೆಯ ಗಡ್ಡೆ ಆರಿಸಿ ತೆಗೆಯಿರಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಕಡಲೆಕಾಳಿನಷ್ಟು ಕಪ್ಪು ಗಡ್ಡೆ, ದಾರದಂಥ ಬೇರಿಗೆ ಒಂದರ ಹಿಂದೆ ಒಂದು ಪೋಣಿಸಿಕೊಂಡಿರುತ್ತದೆ. ಎಳೆದರೆ ಬೇರು ಕಿತ್ತು ಬರುತ್ತದೆ, ಗಡ್ಡೆ ಅಲ್ಲೇ ಉಳಿಯುತ್ತದೆ. ಸಲಿಕೆಯಿಂದ ಹೆಂಟೆ ಸಮೇತ ಎತ್ತಿ, ಕೈಯಲ್ಲಿ ಪುಡಿ ಮಾಡಿ ಆರಿಸಬೇಕು. ಇದರ ಮೊಳಕೆ ಸೂಜಿ ಥರ ಚೂಪು, ಹೊಲದಲ್ಲಿ ಕಳೆ ಬಾರದಿರಲಿ ಅಂತ ಹಾಸುವ ಪ್ಲಾಸ್ಟಿಕ್ ಮಲ್ಚಿಂಗ್ ಶೀಟನ್ನೇ ತೂತು ಮಾಡಿಕೊಂಡು ಬರುತ್ತದೆ. ಟೊಮೆಟೊ ಬೆಳೆದವರನ್ನು ಕೇಳಿ, ಕಥೆ ಹೇಳುತ್ತಾರೆ. ಗರಿಕೆಯದೂ ಇದೇ ಗೋಳು, ಒಂದು ಗಿಣ್ಣು ಉಳಿದರೂ ಚಿಗುರುತ್ತದೆ.

ಸಪೋಟ ಮರದ ಬುಡದಿಂದ ನಾಲ್ಕು ಅಡಿಯೊಳಗೆ 6 ಇಂಚು ಅಗೆಯಬೇಡಿ. ಅದರ ಬೇರು ಮೇಲೇ ಇರುತ್ತದೆ. ಅಲ್ಲಿ ಕಳೆ ಕಿತ್ತು ಸುಮ್ನೆ ಎರಡು ಇಂಚು ಜಲ್ಲಿ ಹರಡಿ, ಕಾಂಡಕ್ಕೆ ತಾಗದಂತೆ ಒಂದಡಿ ಬಿಡಿ.

ನೆಲದ ಇಳಿಜಾರು, ಮನೆಯ ಗೋಡೆಯಿಂದ ಆಚೆಗೆ ಇರಲಿ. 12 ಅಡಿಗೆ ಎರಡು ಇಂಚು ಇಳಿದರೆ ಸಾಕು, ಕಣ್ಣಿಗೆ ಗೊತ್ತೇ ಆಗಲ್ಲ. ಮೇಸ್ತ್ರಿಗಳು ಬಳಸುವ ತೆಳು ಪಾರದರ್ಶಕ ಪೈಪಿಗೆ ನೀರು ತುಂಬಿ ಎರಡೂ ಕಡೆಯ ಗೂಟಕ್ಕೆ ಹಿಡಿಯಿರಿ. ನೀರು ನಿಂತ ಮಟ್ಟಕ್ಕೆ ಗುರುತು ಹಾಕಿ, ಆಚೆ ಕಡೆಯ ಗೂಟದಲ್ಲಿ ಎರಡು ಇಂಚು ಕೆಳಗೆ ದಾರ ಕಟ್ಟಿ. ಅಗೆದ ತಳವೂ ಇದೇ ಇಳಿಜಾರಿನಲ್ಲಿ ಇರಬೇಕು. ತಳ ಸಮತಟ್ಟಾಗಿದ್ದು ಮೇಲೆ ಮಾತ್ರ ಇಳಿಜಾರು ಕೊಟ್ಟರೆ ಒಳಗೆ ನೀರು ನಿಲ್ಲುತ್ತದೆ. ಫೋಟೋದಲ್ಲಿ ಬಟ್ಟೆ ಒಗೆಯುವ ಕಲ್ಲಿನ ನೀರು ಇದೇ ಜಾಗಕ್ಕೆ ಬರುತ್ತಿರುವುದು ಕಾಣುತ್ತದೆ. ಅದನ್ನು ಮೊದಲು ಪೈಪು ಹಾಕಿ ಬಾಳೆ ಬುಡಕ್ಕೆ ತಿರುಗಿಸಿ. ಸೋಪಿನ ನೀರು ಜಲ್ಲಿಯೊಳಗೆ ಸೇರಿದರೆ ಪಾಚಿ, ವಾಸನೆ ಎರಡೂ ಗ್ಯಾರಂಟಿ.

ಜಲ್ಲಿಯ ಕೆಳಗೆ ಹಾಸುವ ಶೀಟಿನ ಬಗ್ಗೆ ಇಲ್ಲಿ ಜೋರು ಚರ್ಚೆ ಆಗಿದೆ. ಹೊಲದಲ್ಲಿ ಉಳಿದ ಮಲ್ಚಿಂಗ್ ಶೀಟು ಹಾಕಿ ಅಂತ ಒಬ್ಬರು, ಟಾರ್ಪಾಲು ಅಂತ ಇನ್ನೊಬ್ಬರು. ಎರಡೂ ಬೇಡ. ಮಲ್ಚಿಂಗ್ ಶೀಟು ತೀರಾ ತೆಳು, ಕಲ್ಲಿನ ಮೊನೆಗೆ ಅವತ್ತೇ ಹರಿಯುತ್ತದೆ. ಟಾರ್ಪಾಲು ನೀರು ಬಿಡಲ್ಲ. ನರ್ಸರಿಗಳಲ್ಲಿ ನೆಲಕ್ಕೆ ಹಾಸಿರುವ ಕಪ್ಪು ನೇಯ್ಗೆಯ ವೀಡ್ ಮ್ಯಾಟ್ ಇದೆಯಲ್ಲ, ಅದು ಬೇಕು. ನೀರು ಇಳಿಯುತ್ತದೆ, ಕೆಂಪು ಮಣ್ಣು ಮೇಲೆ ಉಕ್ಕಿ ಬರುವುದನ್ನು ತಡೆಯುತ್ತದೆ. ಒಂದೇ ಪದರ ಹಾಕುವಷ್ಟು ದುಡ್ಡಿದ್ದರೆ ಬಡಿದ ಮಣ್ಣಿನ ಮೇಲೆ, ಗಟ್ಟಿ ಪದರದ ಕೆಳಗೆ ಹಾಕಿ. ಜೋಡಣೆಯಲ್ಲಿ ಒಂದಡಿ ಒಂದರ ಮೇಲೊಂದು ಬರಲಿ.

ಗಟ್ಟಿ ಪದರವನ್ನು ಒಂದೇ ಸಲ 4 ಇಂಚು ಸುರಿಯಬೇಡಿ. ಎರಡು ಇಂಚು ಹರಡಿ, ನೀರು ಚಿಮುಕಿಸಿ, ನೆಲ ಬಡಿಯುವ ದಮ್ಮಸ್ಸು ಹೊಡೆಯಿರಿ. ಆಮೇಲೆ ಇನ್ನೆರಡು ಇಂಚು. ನೀರು ಹದವಾಗಿರಬೇಕು, ಕೆಸರಾಗಬಾರದು. ಇಷ್ಟು ಜಾಗಕ್ಕೆ ಕೈ ದಮ್ಮಸ್ಸು ಸಾಕು, ತೋಳು ಮಾತ್ರ ಎರಡು ದಿನ ಮಾತಾಡುತ್ತದೆ. ನೆಲ ಬಡಿಯುವ ಯಂತ್ರ, ಪ್ಲೇಟ್ ಕಾಂಪ್ಯಾಕ್ಟರ್, ಸಿಕ್ಕರೆ ಅರ್ಧ ದಿನದ ಬಾಡಿಗೆಗೆ ಹಿಂದೆಮುಂದೆ ನೋಡಬೇಡಿ. ಹಿಮ್ಮಡಿ ಊರಿ ಗಿರ್ರನೆ ತಿರುಗಿ ನೋಡಿ. ಗುಳಿ ಬಿದ್ದರೆ ಇನ್ನೂ ಆಗಿಲ್ಲ.

ಮೇಲಿನ ಜಲ್ಲಿಗೆ 12 ಎಂಎಂ ತನ್ನಿ. ಅದನ್ನೂ ಅದಕ್ಕಿಂತ ಸಣ್ಣದನ್ನೂ ಬೇಬಿ ಜಲ್ಲಿ ಅನ್ನುವುದುಂಟು, ಹಾಗಾಗಿ ಎಂಎಂ ಹೇಳಿಯೇ ಕೇಳಿ. 20 ಎಂಎಂ ಚಪ್ಪಲಿ ಇಲ್ಲದ ಕಾಲಿಗೆ ಚುಚ್ಚುತ್ತದೆ. ನುಣುಪಾದ ಗುಂಡುಕಲ್ಲು ಚೆಂದ ಕಾಣುತ್ತದೆ ನಿಜ, ಆದರೆ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಕಾಲಿಟ್ಟಲ್ಲೆಲ್ಲ ಜಾರುತ್ತದೆ. ರೇಟೂ ಜಾಸ್ತಿ. ಒಡೆದ ಕಲ್ಲಿಗೆ ಮೂಲೆಗಳಿರುತ್ತವೆ, ಅದಕ್ಕೇ ಅದು ನಿಲ್ಲುವುದು. ಎರಡು ಇಂಚಿಗಿಂತ ದಪ್ಪ ಹಾಕಬೇಡಿ, ನಡೆದರೆ ಕಾಲು ಹೂತುಕೊಳ್ಳುತ್ತದೆ. ಅಂಚಿಗಿಂತ ಒಂದು ಇಂಚು ಕೆಳಗೇ ನಿಲ್ಲಿಸಿ. ಹಾಸುವ ಮೊದಲು ಪೈಪು ಹಿಡಿದು ಕಲ್ಲಿನ ಪುಡಿ ತೊಳೆದುಬಿಡಿ, ಇಲ್ಲದಿದ್ದರೆ ಮನೆಯೊಳಗೆಲ್ಲ ಬಿಳಿ ಹೆಜ್ಜೆ.

ಪ್ಲಾಸ್ಟಿಕ್ ಕುರ್ಚಿಯ ಕಾಲು ಜಲ್ಲಿಯಲ್ಲಿ ಇಳಿಯುತ್ತದೆ. ಕೂರುವ ಕಡೆ ಎರಡು ಮೂರು ಚಪ್ಪಡಿ ಕಲ್ಲನ್ನು ಗಟ್ಟಿ ಪದರದ ಮೇಲೇ ಕೂರಿಸಿ, ಸುತ್ತ ಜಲ್ಲಿ ತುಂಬಿ. ಬಾಗಿಲಿನಿಂದ ಅಲ್ಲಿಗೆ ಹೆಜ್ಜೆಗೊಂದು ಚಪ್ಪಡಿ ಇಟ್ಟರೆ ವಯಸ್ಸಾದವರಿಗೂ ಸಲೀಸು. ಬೇಸಿಗೆ ಮಧ್ಯಾಹ್ನ ಈ ಕಲ್ಲು ಕಾದಿರುತ್ತದೆ, ಕೂರುವ ಮುಂಚೆ ಎರಡು ಬಕೆಟ್ ನೀರು ಚೆಲ್ಲಿ.

ಜಲ್ಲಿ ಹಾಕಿದರೆ ಹಾವು ಬರಲ್ಲ, ಕರೆಂಟಿನ ಸಬ್‌ಸ್ಟೇಷನ್‌ಗಳಲ್ಲಿ ಅದಕ್ಕೇ ಹಾಕಿರುತ್ತಾರೆ ಅಂತ ಬರೆದವರಿಗೆ ಒಂದು ಮಾತು. ಅಲ್ಲಿ ಹಾಕುವುದು ನೆಲದಲ್ಲಿ ವಿದ್ಯುತ್ ಹರಿದರೆ ಕಾಲಿಗೆ ಶಾಕ್ ತಗಲುವುದು ಕಡಿಮೆಯಾಗಲಿ ಅಂತ, ಹುಲ್ಲು ಬೆಳೆಯದಿರಲಿ ಅಂತ. ಹಾವು ಬರುವುದು ಇಲಿ, ಕಪ್ಪೆ ಹುಡುಕಿಕೊಂಡು. ಪಕ್ಕದಲ್ಲಿ ಸೌದೆ, ಇಟ್ಟಿಗೆ ರಾಶಿ ಇಡಬೇಡಿ, ಅಷ್ಟೇ.

ಸಪೋಟ ಎಲೆ ಉದುರಿದ್ದನ್ನು ವಾರಕ್ಕೊಮ್ಮೆ ಕಡ್ಡಿ ಪೊರಕೆಯಲ್ಲಿ ಗುಡಿಸಿ. ಅದು ಜಲ್ಲಿ ಸಂದಿಯಲ್ಲಿ ಕೊಳೆತು ಮಣ್ಣಾದರೆ ಕಳೆ ಮೇಲಿನಿಂದಲೇ ಹುಟ್ಟುತ್ತದೆ, ಆಗ ಕೆಳಗಿನ ಶೀಟು ಏನೂ ಮಾಡಲಾರದು. ತಂದ ಜಲ್ಲಿಯಲ್ಲಿ ನಾಲ್ಕೈದು ಚೀಲ ತುಂಬಿಸಿ ಮೂಲೆಯಲ್ಲಿ ಇಟ್ಟುಕೊಳ್ಳಿ. ಮುಂದೆ ತಗ್ಗು ಬಿದ್ದ ಕಡೆ ಹಾಕಲು ಬೇಕಾಗುತ್ತದೆ. ಕ್ವಾರಿ ಬದಲಾದರೆ ಕಲ್ಲಿನ ಬಣ್ಣವೂ ಬದಲಾಗುತ್ತದೆ, ತೇಪೆ ಎದ್ದು ಕಾಣುತ್ತದೆ. ನಿಮ್ಮ ಗೇಟಿನ ಅಗಲ ಎಷ್ಟು ಅಂತ ಹೇಳಿಲ್ಲ. ಟ್ರ್ಯಾಕ್ಟರ್ ಒಳಗೆ ಬರದಿದ್ದರೆ ಹೊರಗೆ ಟಾರ್ಪಾಲು ಹಾಸಿ ಅದರ ಮೇಲೆ ಸುರಿಸಿಕೊಳ್ಳಿ, ಬಾಂಡ್ಲಿ ಹೊರಲು ಇನ್ನೊಬ್ಬರನ್ನು ಹೇಳಿಟ್ಟುಕೊಳ್ಳಿ.