ಮುಂಬಾಗಿಲಿನಿಂದ ಕರೆದರೆ

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ರಾಯಚೂರು ಜಿಲ್ಲೆಯ ಹಳ್ಳಿಗಳಿಂದ ಸಲಹೆ ಕೇಳಲು ನನ್ನ ಹತ್ತಿರ ಬರುವ ಕ್ರೈಸ್ತ ಹೆಣ್ಣುಮಕ್ಕಳು ಒಂದೇ ಗಂಟನ್ನು ಮತ್ತೆ ಮತ್ತೆ ತರುತ್ತಾರೆ: ಕೀಳಾಗಿ ನಡೆಸಿಕೊಂಡವರು ಕರೆದರೆ ಸೇವೆಗೆ ಹೋಗಬೇಕೋ, ಬೇಡ ಅನ್ನಬಹುದೋ? ಅದಕ್ಕೇ ಬರೆಯಬೇಕು ಅನ್ನಿಸಿತು.

ಈಕೆ ನರ್ಸ್. ಊರು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಭತ್ತದ ಸೀಮೆ. ಅಜ್ಜನ ಕಾಲಕ್ಕೇ ಮನೆಯವರು ಕ್ರೈಸ್ತರಾದರು, ದಲಿತ ಕೇರಿ ಮಾತ್ರ ಅದೇ ಉಳಿಯಿತು. ಪರಿಶಿಷ್ಟ ಜಾತಿಗಳ ಪಟ್ಟಿ ಮಾಡಿದ 1950ರ ರಾಷ್ಟ್ರಪತಿ ಆದೇಶದ ಲೆಕ್ಕದಲ್ಲಿ ಕ್ರೈಸ್ತರು ಪರಿಶಿಷ್ಟ ಜಾತಿಗೆ ಸೇರುವುದಿಲ್ಲ. ಊರಿನವರು ಆ ಆದೇಶ ಓದಿಕೊಂಡು ಕೂತಿಲ್ಲ, ಅಲ್ವಾ? ಇವರ ತಾಯಿ ನಾಟಿಗೆ ಹೋಗುತ್ತಿದ್ದ ಗೌಡರ ಮನೆಯಲ್ಲಿ ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಈಗ ಆ ಮನೆಯ ಹಿರಿಯಾಕೆಗೆ ಲಕ್ವ ಹೊಡೆದಿದೆ, ಬೆನ್ನಿನ ಮೇಲೆ ಹುಣ್ಣು. ದಿನಾ ಬಂದು ಡ್ರೆಸ್ಸಿಂಗ್ ಮಾಡು, ಹಿತ್ತಲ ಬಾಗಿಲಿಂದ ಬಾ ಎಂದು ಹೇಳಿ ಕಳಿಸಿದ್ದಾರೆ.

ಹೋಗದಿದ್ದರೆ ಪಾಪ ಅಂದರು ಪಾಸ್ಟರ್. ಹೋದರೆ ಮತ್ತೆ ಜೀತ ಅಂದ ಗಂಡ.

"ಹೋದ್ರ ಗುಲಾಮಳು, ಬಿಟ್ರ ಪಾಪಿ. ನೀವs ಹೇಳ್ರಿ ಮೇಡಂ, ಹಂಗs ಮಾಡ್ತೀನಿ" ಅಂದರು.

ನಾನು ಹೇಳಲಿಲ್ಲ. ಅಪ್ಪಣೆ ಕೊಡಲು ಈಗಾಗಲೇ ಇಬ್ಬರಿದ್ದರು, ಮೂರನೆಯವಳು ಯಾಕೆ? "ಪಾಸ್ಟರೂ ಇಲ್ಲ, ನಿಮ್ಮ ಯಜಮಾನರೂ ಇಲ್ಲ ಅಂದ್ಕೊಳ್ಳಿ. ಆಗ ಏನು ಮಾಡ್ತಿದ್ರಿ?" ಎಂದು ಕೇಳಿದೆ. ತುಂಬಾ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತರು. ಆಮೇಲೆ ಸಿಟ್ಟಿನಲ್ಲೇ ಬಂತು ಮಾತು: "ಮುಂದಿನ ಬಾಗಿಲಿಂದ ಕರದ್ರ ಹೋಗ್ತಿದ್ದೆ. ಆ ಮುದುಕಿ ನರಳೋದು ನನಗೂ ಕೇಳಸ್ತೈತಿ."

ಹಾಗಾದರೆ ಅದನ್ನೇ ಅವರಿಗೆ ಹೇಳಿ ಅಂದೆ. ಮುಂಬಾಗಿಲು, ಹಗಲು ಹೊತ್ತು, ಡ್ರೆಸ್ಸಿಂಗಿಗೆ ಹಣ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಸೊಸೆಯೇ ಕಲಿಯಬೇಕು. ಒಪ್ಪದಿದ್ದರೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಿ, ಅಲ್ಲಿಗೆ ಬಿಡಿ.

ಪ್ರೀತಿಯಲ್ಲಿ ವ್ಯಾಪಾರ ಕಲಿಸಿದೆ ಎಂದು ಸಭೆಯ ಕೆಲವರು ನನ್ನ ಮೇಲೆ ಬೇಸರ ಮಾಡಿಕೊಂಡರು. ಬೈಬಲಿನಲ್ಲಿ ಲೂಕನ ಸುವಾರ್ತೆಯ 10ನೇ ಅಧ್ಯಾಯವನ್ನು ಅವರೂ ಓದಿದ್ದಾರೆ. ಅಲ್ಲಿ ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನನ್ನು ಕಂಡು ಯಾಜಕ, ದೇವಾಲಯದ ಸೇವೆಯ ಲೇವಿಯ ಇಬ್ಬರೂ ಪಕ್ಕಕ್ಕೆ ಸರಿದು ಹೋದರು. ಗಾಯಗೊಂಡವನನ್ನು ಎತ್ತಿದವನು ಯೆಹೂದ್ಯರು ದೂರ ಇಟ್ಟಿದ್ದ ಸಮಾರ್ಯದವನು. ಅವನಿಗೆ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಮರುದಿನ ಛತ್ರದವನ ಕೈಗೆ ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿಯಷ್ಟು ಹಣ ಕೊಟ್ಟು, ಜಾಸ್ತಿ ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಎಂದ. ಆರೈಕೆಯನ್ನು ಇನ್ನೊಬ್ಬರಿಗೆ ವಹಿಸಿದ್ದು ಅವನ ಪ್ರೀತಿಗೆ ಕುಂದು ಎಂದು ಯಾರಾದರೂ ಪ್ರಸಂಗ ಮಾಡಿದ್ದನ್ನು ನಾನಂತೂ ಕೇಳಿಲ್ಲ. ದಲಿತ ಹೆಣ್ಣುಮಗಳು ಒಂದು ಮಿತಿ ಹಾಕಿಕೊಂಡರೆ ಮಾತ್ರ ಅದು ವ್ಯಾಪಾರ ಆಗುತ್ತದೆ! ಬೇಡ ಅನ್ನುವ ಸ್ವಾತಂತ್ರ್ಯ ಇಲ್ಲದವಳು ಮಾಡುವ ಸೇವೆಯನ್ನು ಪ್ರೀತಿ ಎಂದು ಕರೆಯಲು ನಾನು ತಯಾರಿಲ್ಲ.

ಗೌಡರ ಮನೆಯವರು ಮೊದಲು ಒಪ್ಪಲಿಲ್ಲ. ಹುಣ್ಣು ಹೆಚ್ಚಾದ ಮೇಲೆ ಸೊಸೆಯೇ ಕೇರಿಗೆ ಬಂದು ಕರೆದರಂತೆ. ಈಗ ಈಕೆ ದಿನ ಬಿಟ್ಟು ದಿನ ಮುಂಬಾಗಿಲಿನಿಂದ ಹೋಗುತ್ತಾರೆ. ಚಹಾ ಕೊಟ್ಟರೆ ಕುಡಿಯಬೇಕಾ ಎಂದು ಮೊನ್ನೆ ಫೋನ್ ಮಾಡಿ ಕೇಳಿದರು. ಯಾವ ಲೋಟದಲ್ಲಿ ಕೊಡುತ್ತಾರೆ ನೋಡಿ, ನೀವೇ ತೀರ್ಮಾನ ಮಾಡಿ ಎಂದೆ.