ಮುಟ್ಟು ನಿಂತ ಮೇಲೆ ಹೆಂಡತಿ ದೂರವಾಗಿದ್ದಾಳೆ, ಏನು ಮಾಡಲಿ?

ಪ್ರಶ್ನೆ: ನನಗೆ 53, ಹೆಂಡತಿಗೆ 49. ಅವಳ ಮುಟ್ಟು ನಿಂತು ಒಂದೂವರೆ ವರ್ಷವಾಯಿತು. ರಾತ್ರಿ ಬೆವರಿ ಎದ್ದು ಕೂರುತ್ತಾಳೆ, ಸಣ್ಣ ಮಾತಿಗೂ ಅಳುತ್ತಾಳೆ. ಹತ್ತಿರ ಹೋದರೆ ಬೇಡ ಅನ್ನುತ್ತಾಳೆ. ನನ್ನ ಮೇಲೆ ಪ್ರೀತಿ ಹೋಯಿತೇ? ಡಾಕ್ಟರ್ ಹತ್ತಿರ ಹೋಗೋಣ ಅಂದರೆ ಇದನ್ನೆಲ್ಲ ಹೇಗೆ ಹೇಳೋದು ಅಂತ ನಾಚಿಕೊಳ್ಳುತ್ತಾಳೆ.

ಉತ್ತರ: ಪ್ರೀತಿ ಹೋಯಿತು ಅಂತ ನೀವೇ ತೀರ್ಮಾನಿಸುವ ಮೊದಲು, ಸೇರುವಾಗ ನೋವಾಗುತ್ತಾ ಅಂತ ಅವರನ್ನು ಕೇಳಿ. ನನ್ನ ಹತ್ತಿರ ಬರುವ ಎಷ್ಟೋ ಹೆಂಗಸರು ಇದನ್ನು ಗಂಡನಿಗೆ ಹೇಳಿರುವುದೇ ಇಲ್ಲ, ಉರಿಯನ್ನು ಹಲ್ಲು ಕಚ್ಚಿ ತಡೆದುಕೊಂಡಿರುತ್ತಾರೆ, ಆಮೇಲೆ ಒಂದು ದಿನ ಸಾಕಾಗಿ ಬೇಡ ಅನ್ನಲು ಶುರು ಮಾಡುತ್ತಾರೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ಕಡಿಮೆಯಾದಾಗ ಯೋನಿಯ ಒಳಪದರ ತೆಳ್ಳಗಾಗಿ ಒಣಗುತ್ತದೆ. ಮೈ ಬಿಸಿಯಾಗುವುದು, ಬೆವರುವುದು ಎಷ್ಟೋ ಜನರಿಗೆ ಕೆಲವು ವರ್ಷಗಳಲ್ಲಿ ಇಳಿಯುತ್ತದೆ. ಈ ಒಣಗುವಿಕೆ ಹಾಗಲ್ಲ, ಬಿಟ್ಟರೆ ಜಾಸ್ತಿಯಾಗುತ್ತದೆ.

ಇದಕ್ಕೆ ಚಿಕಿತ್ಸೆ ಇದೆ. ಸೇರುವಾಗ ಒಣಗಿ ಉಜ್ಜದಂತೆ ಹಚ್ಚಿಕೊಳ್ಳುವ ನೀರಿನಂಶದ ಲೂಬ್ರಿಕೆಂಟ್ ಜೆಲ್ ಮೆಡಿಕಲ್ ಸ್ಟೋರ್‌ನಲ್ಲೇ ಸಿಗುತ್ತದೆ, ಅದನ್ನು ನೀವೇ ಹೋಗಿ ತನ್ನಿ. ಅದು ಸಾಲದಿದ್ದರೆ ಡಾಕ್ಟರು ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಬರೆದುಕೊಡುತ್ತಾರೆ. ಡೋಸ್ ತುಂಬ ಕಡಿಮೆ, ರಕ್ತಕ್ಕೆ ಸೇರುವುದೂ ಅತ್ಯಲ್ಪ. ಗುಣ ಕಾಣಲು ಕೆಲವು ವಾರ ಬೇಕು, ಎರಡು ದಿನ ಹಚ್ಚಿ ಬಿಡಬೇಡಿ. ಹಿಂದೆ ಸ್ತನ ಕ್ಯಾನ್ಸರ್ ಆಗಿದ್ದರೆ ಡಾಕ್ಟರಿಗೆ ಮೊದಲೇ ತಿಳಿಸಬೇಕು.

ಇನ್ನು ಅಳು. ರಾತ್ರಿ ನಿದ್ದೆ ಕೆಟ್ಟರೆ ಯಾರಿಗಾದರೂ ಸಿಟ್ಟು, ಅಳು ಬರುತ್ತದೆ ಅಲ್ವಾ? ಅದಕ್ಕೇ ಬೆವರಿನ ತೊಂದರೆಗೂ ಔಷಧಿ ಕೇಳಿ. ಆದರೆ ಎರಡು ವಾರಕ್ಕಿಂತ ಜಾಸ್ತಿ ದಿನ ಮಂಕಾಗಿದ್ದು ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದು ಖಿನ್ನತೆ ಇರಬಹುದು, ವಯಸ್ಸಿನದು ಅಂತ ತಳ್ಳಿಹಾಕಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನೋವು ಹೋಗುವ ತನಕ ಸೇರುವ ಮಾತು ಎತ್ತಬೇಡಿ. ಕೈ ಹಿಡಿದು ಕೂತರೂ ಕೊನೆಗೆ ಇದು ಅಲ್ಲಿಗೇ ಹೋಗುತ್ತದೆ ಅನ್ನುವ ಭಯ ಅವರಿಗಿದ್ದರೆ ಬರೀ ಅಪ್ಪುಗೆಯೂ ಬೇಡವಾಗುತ್ತದೆ. ಇದು ಬರೀ ಅಪ್ಪುಗೆ, ಮುಂದೆ ಹೋಗುವುದಿಲ್ಲ ಅಂತ ನೀವು ಬಾಯಿಬಿಟ್ಟು ಹೇಳಿ, ಹೇಳಿದಂತೆ ನಡೆದುಕೊಳ್ಳಿ. ನೋವು ಹೋದ ಮೇಲೂ ಅವರಿಗೆ ಆಸೆ ಇಲ್ಲದಿರಬಹುದು. ಆಗಲೂ ಒತ್ತಾಯ ಬೇಡ.

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಿ.

ನಾಚಿಕೆ ಅಂದಿರಲ್ಲ, ಲೇಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಹೇಳಲು ಬಾಯಿ ಬರದಿದ್ದರೆ "ಸೇರುವಾಗ ಉರಿ, ನೋವು" ಅಂತ ಚೀಟಿಯಲ್ಲಿ ಬರೆದು ಕೊಡಲಿ, ನಮಗೆ ಅಷ್ಟು ಸಾಕು. ನೀವು ಒಳಗೆ ಬರಬೇಕೋ ಹೊರಗೆ ಕೂರಬೇಕೋ ಅಂತ ಅವರನ್ನೇ ಕೇಳಿ.