ಶುಗರ್‌ಗೆ ಎರಡನೇ ಮಾತ್ರೆ ಯಾಕೆ?

ಮೆಟ್‌ಫಾರ್ಮಿನ್ ಜೊತೆಗೆ ಈಗ ಗ್ಲಿಮಿಪಿರೈಡ್ ಕೂಡ ಬರೆದುಕೊಟ್ಟಿದ್ದಾರೆ, ಮೊದಲಿನದನ್ನೇ ಜಾಸ್ತಿ ಮಾಡಿದ್ದರೆ ಸಾಲುತ್ತಿರಲಿಲ್ಲವೇ, ನನ್ನ ಪಥ್ಯ ಕೆಟ್ಟಿದ್ದಕ್ಕೇ ಹೀಗಾಯಿತೇ ಅಂತ ಕೇಳಿದ್ದೀರಿ. ನಾನೂ ಇವೆರಡನ್ನೂ ತೆಗೆದುಕೊಳ್ಳುತ್ತೇನೆ. ಶುರುವಿನಲ್ಲಿ ನನಗೂ ಇದೇ ಕೊರಗಿತ್ತು.

ಎರಡೂ ಕೆಲಸ ಮಾಡುವ ಜಾಗವೇ ಬೇರೆ. ನಾವು ನಿದ್ದೆಯಲ್ಲಿದ್ದಾಗಲೂ ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಟೈಪ್ 2 ಶುಗರ್ ಕಾಯಿಲೆ ಇರುವವರಲ್ಲಿ ಅದು ಬೇಕಾದ್ದಕ್ಕಿಂತ ಜಾಸ್ತಿ. ರಾತ್ರಿ ಸ್ವಲ್ಪವೇ ಉಂಡು ಮಲಗಿದರೂ ಬೆಳಗ್ಗೆ ಖಾಲಿ ಹೊಟ್ಟೆಯ ಶುಗರ್ ಏರಿರುತ್ತದಲ್ವಾ, ಅದು ಹೆಚ್ಚಾಗಿ ಲಿವರ್‌ನದೇ ಕೆಲಸ. ಮೆಟ್‌ಫಾರ್ಮಿನ್ ಮುಖ್ಯವಾಗಿ ಇದನ್ನು ತಗ್ಗಿಸುತ್ತದೆ. ಆದರೆ ದಿನಕ್ಕೆ 2000 ಮಿಲಿಗ್ರಾಂ ದಾಟಿಸಿದರೆ ಹೆಚ್ಚೇನೂ ಲಾಭವಿಲ್ಲ, ಹೊಟ್ಟೆ ಕೆಡುತ್ತದೆ ಅಷ್ಟೇ.

ಇನ್ನೊಂದು ಕಡೆ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ವರ್ಷ ಕಳೆದಂತೆ ಸೋಲುತ್ತಾ ಬರುತ್ತವೆ. ಪಥ್ಯ ಸರಿಯಾಗಿ ಮಾಡಿದವರಿಗೂ ಹೀಗಾಗುತ್ತದೆ. ಹಾಗಾಗಿ ದಯವಿಟ್ಟು ಸುಮ್ನೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಗ್ಲಿಮಿಪಿರೈಡ್ ಆ ಕೋಶಗಳಿಂದ ಇನ್ಸುಲಿನ್ ಹೊರಡಿಸುತ್ತದೆ.

ಇಲ್ಲೇ ನೀವು ಎಚ್ಚರವಾಗಿರಬೇಕು. ರಕ್ತದಲ್ಲಿ ಸಕ್ಕರೆ ಕಡಿಮೆ ಇದ್ದರೂ ಈ ಮಾತ್ರೆ ತನ್ನ ಕೆಲಸ ನಿಲ್ಲಿಸುವುದಿಲ್ಲ. ಒಂದು ದಿನ ಮಾತ್ರೆ ನುಂಗಿ, ಕೆಲಸದ ಗಡಿಬಿಡಿಯಲ್ಲಿ ತಿಂಡಿ ಬಿಟ್ಟುಬಿಟ್ಟೆ. ಮೈಯೆಲ್ಲ ಬೆವರು, ಕೈ ನಡುಕ, ಎದೆ ಡವಡವ. ಮೀಟರ್‌ನಲ್ಲಿ 58 ಇತ್ತು. 70ಕ್ಕಿಂತ ಕೆಳಗೆ ಹೋದರೇ ಲೋ ಶುಗರ್. ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿದೆ, 15 ನಿಮಿಷ ಬಿಟ್ಟು ಮತ್ತೆ ನೋಡಿದೆ, ಆಮೇಲೆ ಊಟ ಮಾಡಿದೆ. ಅಂದಿನಿಂದ ತಟ್ಟೆ ಮುಂದೆ ಬಂದ ಮೇಲೇ ಮಾತ್ರೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುತ್ತಿದ್ದಾಗ ಈ ಭಯ ಅಷ್ಟಾಗಿ ಇರಲಿಲ್ಲ.

ಲೋ ಪದೇ ಪದೇ ಆದರೆ ಡಾಕ್ಟರಿಗೆ ಹೇಳಿ, ಬೇರೆ ದಾರಿಗಳಿವೆ. ಊಟವಾದ ಮೇಲೆ ಕರುಳಿನಿಂದ ಜಿಎಲ್‌ಪಿ-1 ಎಂಬ ಹಾರ್ಮೋನು ಬರುತ್ತದೆ. ಶುಗರ್ ಏರಿದಾಗ ಮಾತ್ರ ಅದು ಇನ್ಸುಲಿನ್ ಹೆಚ್ಚಿಸುತ್ತದೆ, ಆದರೆ ಕೆಲವೇ ನಿಮಿಷದಲ್ಲಿ ಒಡೆದುಹೋಗುತ್ತದೆ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಎಂಬ ಮಾತ್ರೆಗಳು ಅದನ್ನು ಒಡೆಯದಂತೆ ಕಾಯುತ್ತವೆ. ಡಾಪಾಗ್ಲಿಫ್ಲೋಜಿನ್‌ನದು ಇನ್ನೊಂದೇ ರೀತಿ: ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಒಳ್ಳೆಯದು, ಆದರೆ ಗುಪ್ತಾಂಗದಲ್ಲಿ ಫಂಗಸ್ ಸೋಂಕು ಬರಬಹುದು.

ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಒಂದು ವಾರ ಮೀಟರ್ ರೀಡಿಂಗ್ ಮತ್ತು ಊಟದ ಹೊತ್ತು ಬರೆದಿಟ್ಟು ಡಾಕ್ಟರಿಗೆ ತೋರಿಸಿ. ನನ್ನ ಗ್ಲಿಮಿಪಿರೈಡ್ ಡೋಸ್ 2 ಮಿಲಿಗ್ರಾಂನಿಂದ 1ಕ್ಕೆ ಇಳಿದಿದ್ದು ಆ ಚೀಟಿ ನೋಡಿಯೇ.